ಸಿಗ್ನಲ್ ಕ್ಯಾಬಿನ್ ನಮಗೊಂದು ಲ್ಯಾಬ್ ಆಗಲಿ

ಕಾಲೇಜಿನ ಅಣಕು ಸಂದರ್ಶನದಲ್ಲಿ ‘ಫೇಲ್ ಸೇಫ್ ಎಂದರೇನು?’ ಎಂದು ಕೇಳಿದರು. ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ. ‘ಒಂದು ಉದಾಹರಣೆ ಕೊಡಿ’ ಎಂದಾಗ ಬಾಯಿ ಕಟ್ಟಿತು. ಬಿ.ಇ. ಓದುತ್ತಿರುವ ನನಗೆ ಉತ್ತರ ಸಿಕ್ಕಿದ್ದು ರಜೆಗೆಂದು ಕೊಟ್ಟೂರಿಗೆ ಬಂದಾಗ. ಹೇಳಿಕೊಟ್ಟವರು ರೈಲ್ವೆಯಲ್ಲಿ ಲಿವರ್‌ಮನ್ ಆಗಿದ್ದ ನೆರೆಮನೆಯ ಅಜ್ಜ.

‘ಸಿಗ್ನಲ್ ತಂತಿ ಹರಿದ್ರ ಕೈ ಏನಾಗ್ತಿತ್ತು ಹೇಳು’ ಎಂದರು. ನನಗೆ ಗೊತ್ತಿರಲಿಲ್ಲ.

ಅವರ ಕಾಲದ ಸೆಮಾಫೋರ್ ಸಿಗ್ನಲ್‌ನಲ್ಲಿ ಕೈ ಅಡ್ಡ ಚಾಚಿದ್ದರೆ ‘ನಿಲ್ಲು’, ಕೆಳಗೆ ಬಾಗಿದರೆ ‘ಹೋಗು’. ಕ್ಯಾಬಿನ್‌ನಲ್ಲಿ ಲಿವರ್ ಎಳೆದರೆ ನೂರಾರು ಮೀಟರ್ ಆಚೆಯ ಕೈ ತಂತಿಯ ಮೂಲಕ ಬಾಗುತ್ತಿತ್ತು. ತಂತಿ ತುಂಡಾದರೆ ಪ್ರತಿತೂಕದ ಭಾರಕ್ಕೆ ಕೈ ತಾನಾಗಿ ‘ನಿಲ್ಲು’ ಸ್ಥಿತಿಗೆ ಮರಳುತ್ತಿತ್ತು. ಯಂತ್ರ ಕೆಟ್ಟರೂ ರೈಲು ಅಪಾಯಕ್ಕೆ ನುಗ್ಗಬಾರದು. ಇದೇ ಫೇಲ್ ಸೇಫ್! ನಮ್ಮ ಕಡೆಯ ಬಿಸಿಲಿಗೆ ತಂತಿ ಹಿಗ್ಗಿ ಸಡಿಲವಾಗುತ್ತಿತ್ತು, ಅದನ್ನು ಬಿಗಿ ಮಾಡುವುದೇ ಒಂದು ಕೆಲಸವಾಗಿತ್ತು ಎಂದೂ ಹೇಳಿದರು.

ಹಳಿ ಬದಲಿಸುವ ಪಾಯಿಂಟ್ ಸರಿಯಾಗಿ ಕೂರದಿದ್ದರೆ ಸಿಗ್ನಲ್ ಲಿವರ್ ಅಲುಗುತ್ತಲೇ ಇರಲಿಲ್ಲವಂತೆ. ಲಿವರ್‌ಗಳಿಗೆ ಜೋಡಿಸಿದ ಉಕ್ಕಿನ ಪಟ್ಟಿಗಳು ಒಂದಕ್ಕೊಂದು ಬೀಗ ಹಾಕಿಕೊಳ್ಳುತ್ತಿದ್ದವು. ನಾವು ಲ್ಯಾಬ್‌ನಲ್ಲಿ ಮಾಡುವ ಆ್ಯಂಡ್ ಗೇಟ್ ಇದೇ ತಾನೆ? ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ ಪಾಯಿಂಟ್ ಮತ್ತು ಸಿಗ್ನಲ್ ಒಟ್ಟಿಗೆ ನಡೆಸುವ ವ್ಯವಸ್ಥೆಗೆ ಪೇಟೆಂಟ್ ಪಡೆದದ್ದು 1856ರಲ್ಲಿ. ಟ್ರಾನ್ಸಿಸ್ಟರ್ ಬಂದದ್ದು 1947ರಲ್ಲಿ!

ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ ದಾಟಿ ಕೊಟ್ಟೂರಿಗೆ ಬಂದು ನಿಲ್ಲುತ್ತಿದ್ದ ಮೀಟರ್‌ಗೇಜ್ ಹಳಿ ಇಂದು ಬ್ರಾಡ್‌ಗೇಜ್ ಆಗಿ, ಹರಪನಹಳ್ಳಿ ಮೂಲಕ ಹರಿಹರ ಸೇರಿದೆ. ಸಿಗ್ನಲ್‌ಗಳೂ ಬಣ್ಣದ ದೀಪಗಳಾಗಿವೆ. ಈ ಬದಲಾವಣೆ ಬೇಕಾದದ್ದೇ. ಆದರೆ ಹಳೆಯ ಲಿವರ್‌ಗಳೆಲ್ಲ ಗುಜರಿ ಸೇರಿದರೆ ಅವುಗಳೊಳಗಿನ ಪಾಠವೂ ಹೋಗುತ್ತದೆ.

ಮೈಸೂರಿನಲ್ಲಿ 1979ರಿಂದ, ಹುಬ್ಬಳ್ಳಿಯಲ್ಲಿ 2020ರಿಂದ ರೈಲು ಮ್ಯೂಸಿಯಂಗಳಿವೆ. ರೈಲೇ ಇಲ್ಲದ ಕೂಡ್ಲಿಗಿ, ಹಡಗಲಿಯ ಮಕ್ಕಳಿಗೆ ಅವು ದೂರ. ಹೀಗಾಗಿ ನಮ್ಮ ಮಾರ್ಗದ ಒಂದು ನಿಲ್ದಾಣದಲ್ಲಾದರೂ ಪುಟ್ಟ ಸಿಗ್ನಲ್ ಮ್ಯೂಸಿಯಂ ಆಗಬೇಕು. ಅಲ್ಲಿ ‘ಮುಟ್ಟಬೇಡಿ’ ಎಂಬ ಫಲಕದ ಬದಲು ‘ಎಳೆದು ನೋಡಿ’ ಎಂದಿರಲಿ. ಅಮೆರಿಕದ ಹ್ಯಾರಿಸ್‌ಬರ್ಗ್‌ನಲ್ಲಿ 1991ರಲ್ಲಿ ಮುಚ್ಚಿದ ಹ್ಯಾರಿಸ್ ಟವರ್ ಎಂಬ ಸಿಗ್ನಲ್ ಕಟ್ಟಡವನ್ನು ರೈಲು ಆಸಕ್ತರು ಮ್ಯೂಸಿಯಂ ಮಾಡಿದ್ದಾರೆ. ಅಲ್ಲಿನ ಹಳೆಯ ಲಿವರ್‌ಗಳಿಗೆ ಕಂಪ್ಯೂಟರ್ ಜೋಡಿಸಿದ್ದಾರೆ. ಬಂದವರು ಲಿವರ್ ಎಳೆದು ಪರದೆಯ ಮೇಲೆ ರೈಲು ಓಡಿಸುತ್ತಾರೆ. ಇಂಥ ಸಾಫ್ಟ್‌ವೇರ್ ನಮ್ಮ ಕಾಲೇಜುಗಳಿಗೆ ಒಳ್ಳೆಯ ಫೈನಲ್ ಇಯರ್ ಪ್ರಾಜೆಕ್ಟ್ ಆಗದೇ?

ಕಬ್ಬಿಣ ಇನ್ನೂ ಕೆಲವು ವರ್ಷ ಉಳಿದೀತು. ಅದನ್ನು ನಡೆಸಿದವರು ಕಾಯಲಾರರು. ಅಜ್ಜನ ಮಾತುಗಳನ್ನು ನಾನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಲು ಶುರು ಮಾಡಿದ್ದೇನೆ. ನಿಮ್ಮೂರಲ್ಲೂ ಇಂಥ ಹಿರಿಯರಿದ್ದರೆ ಒಮ್ಮೆ ಕೇಳಿ: ‘ತಂತಿ ಹರಿದರೆ ಏನಾಗ್ತಿತ್ತು?’