ದುಡ್ಡಿಲ್ಲದ ಸಿನಿಮಾಕ್ಕೆ ಬೇಕಾದ ಬಂಡವಾಳ

ಕೈಯಲ್ಲೊಂದು ಫೋನಿದ್ದರೆ ಸಿನಿಮಾ ಮಾಡಿಬಿಡಬಹುದು ಎನ್ನುವವರಿದ್ದಾರೆ. ಲಕ್ಷಗಟ್ಟಲೆ ಬೆಲೆಯ ಕ್ಯಾಮೆರಾ ಇಲ್ಲದೆ ಏನೂ ಆಗದು ಎನ್ನುವವರೂ ಇದ್ದಾರೆ. ಕಡಿಮೆ ಖರ್ಚಿನಲ್ಲಿ ಹೆಸರು ಮಾಡಿದ ಚಿತ್ರಗಳ ಹಿಂದಿನ ಕೆಲಸವನ್ನು ನೋಡಿದರೆ ಎರಡು ಮಾತೂ ಪೂರ್ತಿ ನಿಲ್ಲುವುದಿಲ್ಲ.

ತಪ್ಪು ಕಲ್ಪನೆ: ದೊಡ್ಡ ಕ್ಯಾಮೆರಾ ಇಲ್ಲದಿದ್ದರೆ ಅದು ಸಿನಿಮಾದಂತೆ ಕಾಣುವುದಿಲ್ಲ.

ಸತ್ಯ: ಶಾನ್ ಬೇಕರ್ ‘ಟ್ಯಾಂಜರೀನ್’ (2015) ಚಿತ್ರವನ್ನು ಲಾಸ್ ಏಂಜಲಿಸ್ ಬೀದಿಗಳಲ್ಲಿ ಐಫೋನ್ 5ಎಸ್‌ನಲ್ಲಿ ಚಿತ್ರೀಕರಿಸಿದರು. ಆದರೆ ಅಗಲ ಪರದೆಯ ಚೌಕಟ್ಟಿಗಾಗಿ ಪುಟ್ಟ ಲೆನ್ಸ್ ಅಡಾಪ್ಟರ್ ಸಿಕ್ಕಿಸಿದ್ದರು. ಎಕ್ಸ್‌ಪೋಷರ್, ಫೋಕಸ್ ತಮ್ಮ ಹಿಡಿತದಲ್ಲಿರಲೆಂದು ಬೇರೆ ಆ್ಯಪ್ ಬಳಸಿದ್ದರು. ಹೊಸಬರು ಎಡವುವುದು ಇಲ್ಲಿಯೇ. ಆಟೋ ಮೋಡ್‌ನಲ್ಲಿ ಬಿಟ್ಟ ಫೋನು, ಪಾತ್ರ ಕಿಟಕಿ ದಾಟಿದ ಕೂಡಲೇ ಬೆಳಕನ್ನು ತಾನೇ ಏರಿಳಿಸುತ್ತದೆ. ನಮ್ಮ ಮನೆಗಳ ಕರೆಂಟು 50 ಹರ್ಟ್ಸ್‌ನದು. ಸೆಕೆಂಡಿಗೆ 25 ಫ್ರೇಮು, ಶಟರ್ 1/50 ಎಂದು ಲಾಕ್ ಮಾಡಿಕೊಂಡರೆ ಟ್ಯೂಬ್‌ಲೈಟಿನ ಕೆಳಗೆ ಕಾಡುವ ಮಿಣುಕಾಟವೂ ತಪ್ಪುತ್ತದೆ.

ತಪ್ಪು ಕಲ್ಪನೆ: ಚಿತ್ರ ಚೆನ್ನಾಗಿ ಬಂದರೆ ಸಾಕು, ಸೌಂಡ್ ಆಮೇಲೆ ಸರಿ ಮಾಡಬಹುದು.

ಸತ್ಯ: ಸ್ವಲ್ಪ ಮಸುಕಾದ ದೃಶ್ಯವನ್ನು ಪ್ರೇಕ್ಷಕ ಸಹಿಸುತ್ತಾನೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ. ರೀಮಾ ದಾಸ್ ಅಸ್ಸಾಮಿನ ತಮ್ಮ ಊರಿನಲ್ಲಿ ತಾವೇ ಕ್ಯಾಮೆರಾ ಹಿಡಿದು, ತಾವೇ ಎಡಿಟ್ ಮಾಡಿದ ‘ವಿಲೇಜ್ ರಾಕ್‌ಸ್ಟಾರ್ಸ್’ (2017) ಅತ್ಯುತ್ತಮ ಕಥಾಚಿತ್ರದ ರಾಷ್ಟ್ರಪ್ರಶಸ್ತಿ ಪಡೆಯಿತು. ಅದೇ ಚಿತ್ರದ ಲೊಕೇಶನ್ ಸೌಂಡಿಗೆ ಮಲ್ಲಿಕಾ ದಾಸ್ ಅವರಿಗೂ ಪ್ರಶಸ್ತಿ ಬಂತು ಎಂಬುದನ್ನು ಮರೆಯಬಾರದು. ಕೈಯಲ್ಲಿರುವ ಹಣ ಸ್ವಲ್ಪವೇ ಆದರೆ ಮೊದಲು ಮೈಕ್ ಕೊಳ್ಳಿ. ಮೈಕ್ ಬಾಯಿಗೆ ಹತ್ತಿರವಿರಲಿ, ಫ್ಯಾನ್ ನಿಂತಿರಲಿ. ಯಾರೂ ಮಾತಾಡದ ಅರ್ಧ ನಿಮಿಷದ ಮೌನವನ್ನೂ ಅದೇ ಕೋಣೆಯಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಎಡಿಟಿಂಗ್‌ನಲ್ಲಿ ಮಾತುಗಳ ನಡುವಿನ ಸಂದು ಮುಚ್ಚುವುದು ಅದೇ.

ತಪ್ಪು ಕಲ್ಪನೆ: ‘ಎಲ್ ಮಾರಿಯಾಚಿ’ ಏಳು ಸಾವಿರ ಡಾಲರ್‌ಗೆ ಥಿಯೇಟರಿಗೆ ಬಂತು.

ಸತ್ಯ: ರಾಬರ್ಟ್ ರಾಡ್ರಿಗಸ್ 1992ರ ಆ ಚಿತ್ರವನ್ನು ಹೆಚ್ಚುಕಡಿಮೆ ಅಷ್ಟೇ ಹಣದಲ್ಲಿ ಮುಗಿಸಿದ್ದು ನಿಜ. ಆದರೆ ಥಿಯೇಟರಿಗೆ ಬರುವ ಮೊದಲು ಸೌಂಡ್, ಪ್ರಿಂಟುಗಳಿಗೆಂದು ಕೊಲಂಬಿಯಾ ಸಂಸ್ಥೆ ಅದರ ಹಲವು ಪಟ್ಟು ಖರ್ಚು ಮಾಡಿತು. ಕಲಿಯಬೇಕಾದ್ದು ಆ ಅಂಕಿಯಿಂದಲ್ಲ, ರಾಡ್ರಿಗಸ್ ಕೊರತೆಯನ್ನು ನಿಭಾಯಿಸಿದ ರೀತಿಯಿಂದ. ಅವರ 16 ಎಂಎಂ ಕ್ಯಾಮೆರಾ ಗರಗರ ಸದ್ದು ಮಾಡುತ್ತಿತ್ತು. ಹಾಗಾಗಿ ಶಾಟ್ ಮುಗಿದ ಮೇಲೆ ನಟರಿಂದ ಅದೇ ಮಾತು ಮತ್ತೆ ಹೇಳಿಸಿ ಬೇರೆಯಾಗಿ ರೆಕಾರ್ಡ್ ಮಾಡಿದರು. ತುಟಿಗೂ ಮಾತಿಗೂ ತಾಳೆಯಾಗದ ಕಡೆ ಬೇರೆ ಶಾಟಿಗೆ ಕತ್ತರಿಸಿದರು. ಚಿತ್ರದ ಚುರುಕು ಓಟಕ್ಕೆ ಇದೂ ಒಂದು ಕಾರಣ. ಕೊರತೆಯನ್ನು ಹೀಗೆಯೇ ನಿಭಾಯಿಸಿದ ಕ್ರಿಸ್ಟೋಫರ್ ನೋಲನ್ ಅವರ ‘ಫಾಲೋಯಿಂಗ್’ (1998) ವಾರಾಂತ್ಯಗಳಲ್ಲಷ್ಟೇ ಚಿತ್ರೀಕರಣಗೊಂಡು ಬೆಳೆದ ಚಿತ್ರ. ಫಿಲ್ಮ್ ದುಬಾರಿ, ಹಾಗಾಗಿ ಒಂದೆರಡು ಟೇಕಿನಲ್ಲೇ ಶಾಟ್ ಮುಗಿಯುವಷ್ಟು ರಿಹರ್ಸಲ್ ಮೊದಲೇ ಆಗಿರುತ್ತಿತ್ತು.

ತಪ್ಪು ಕಲ್ಪನೆ: ಹಳ್ಳಿಯ ಜನರನ್ನು ಕ್ಯಾಮೆರಾ ಮುಂದೆ ನಿಲ್ಲಿಸಿದರೆ ಸಹಜ ಅಭಿನಯ ತಾನಾಗಿ ಬರುತ್ತದೆ.

ಸತ್ಯ: ರಾಮ್ ರೆಡ್ಡಿ ಅವರ ‘ತಿಥಿ’ಯಲ್ಲಿ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಸುತ್ತಮುತ್ತಲಿನವರು ಅಷ್ಟು ಸಲೀಸಾಗಿ ಕಾಣಲು ಕಾರಣ ಬರವಣಿಗೆ. ಬರೆದ ಈರೇಗೌಡರಿಗೆ ಅದು ಸ್ವಂತ ಊರು. ಸಿಕ್ಕ ಮನುಷ್ಯರ ಮಾತು, ನಡೆಗೆ ಒಗ್ಗುವಂತೆ ಪಾತ್ರಗಳು ರೂಪುಗೊಂಡವು.

ತಪ್ಪು ಕಲ್ಪನೆ: ಬಾಡಿಗೆ ಲೈಟುಗಳಿಲ್ಲದೆ ಒಳಾಂಗಣ ದೃಶ್ಯ ಅಸಾಧ್ಯ.

ಸತ್ಯ: ‘ಅಪರಾಜಿತೋ’ (1956) ಚಿತ್ರಕ್ಕಾಗಿ ಕಾಶಿಯ ಮನೆಯಂಗಳವನ್ನು ಸ್ಟುಡಿಯೋದಲ್ಲಿ ಕಟ್ಟಿದಾಗ, ಛಾಯಾಗ್ರಾಹಕ ಸುಬ್ರತ ಮಿತ್ರ ಮೇಲೆ ಬಿಳಿ ಬಟ್ಟೆ ಹರಡಿ, ಅದಕ್ಕೆ ಬೆಳಕು ಹೊಡೆದು, ಚಿಮ್ಮಿ ಬಂದ ಮೆದು ಬೆಳಕನ್ನು ಬಳಸಿದರು. ಅದೇ ತತ್ವ ಇಂದು ಕಿಟಕಿಯ ಎದುರು ಹಿಡಿದ ಥರ್ಮೋಕೋಲ್ ಹಾಳೆಯಿಂದಲೂ ನಡೆಯುತ್ತದೆ.

ತಪ್ಪು ಕಲ್ಪನೆ: ಒಳ್ಳೆಯ ಸಿನಿಮಾ ನೋಡುತ್ತಾ ಹೋದರೆ ಕಲಿಕೆ ಆಗಿಯೇ ಆಗುತ್ತದೆ.

ಸತ್ಯ: ಸತ್ಯಜಿತ್ ರಾಯ್ ಸಿನಿಮಾಗಳನ್ನು ಬರೀ ನೋಡಿ ಬಿಡುತ್ತಿರಲಿಲ್ಲ. ಒಂದು ಕಥೆ ಚಿತ್ರವಾಗಲಿದೆ ಎಂದು ಗೊತ್ತಾದರೆ ತಮ್ಮದೇ ಚಿತ್ರಕಥೆ ಬರೆದು, ಬಿಡುಗಡೆಯಾದ ಮೇಲೆ ಹೋಲಿಸಿ ನೋಡುತ್ತಿದ್ದರು. ನೀವೂ ಮೆಚ್ಚಿದ ಚಿತ್ರದ ಒಂದೇ ದೃಶ್ಯ ಆರಿಸಿಕೊಳ್ಳಿ. ಸದ್ದಡಗಿಸಿ ನೋಡಿ, ಶಾಟ್‌ಗಳನ್ನು ಪಟ್ಟಿ ಮಾಡಿ. ಕಣ್ಣು ಮುಚ್ಚಿ ಸದ್ದು ಮಾತ್ರ ಕೇಳಿ. ಬಳಿಕ ಅದನ್ನೇ ನಿಮ್ಮ ಮನೆಯಲ್ಲಿ, ನಿಮ್ಮವರೊಂದಿಗೆ ಚಿತ್ರೀಕರಿಸಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎದ್ದುಕಾಣುವ ತಪ್ಪುಗಳೇ ಮುಂದಿನ ಪಾಠದ ಪಟ್ಟಿ.