ಒಂದು ಗಿಡ, ಹತ್ತು ಕಣ್ಣು, ಒಂದು ವಹಿ

ನಿಸರ್ಗದ ಅಧ್ಯಯನ ಎಂದೊಡನೆ ನಮ್ಮ ಮನಸ್ಸು ಮಲೆನಾಡಿನತ್ತ ಹೊರಳುತ್ತದೆ. ದಟ್ಟ ಕಾಡು, ಜಲಪಾತ, ಆನೆಯ ಹೆಜ್ಜೆಗಳಿಲ್ಲದ ಕಡೆ ನೋಡುವುದಾದರೂ ಏನನ್ನು ಎಂಬ ಭಾವನೆ ಸುಶಿಕ್ಷಿತರಲ್ಲೂ ಇದೆ. ಹೀಗಾಗಿ ಆಳಂದ, ಅಫಜಲಪುರ, ಜೇವರ್ಗಿಯ ಎರೆಭೂಮಿ ಯಾವ ನಿಸರ್ಗಪ್ರೇಮಿಯ ಪಟ್ಟಿಯಲ್ಲೂ ಸೇರುವುದಿಲ್ಲ.

ಆದರೆ ಈ ಬಯಲು ಬರಿದಾಗಿಲ್ಲ. ಗಾಣಗಾಪುರದ ಬಳಿ ಅಮರ್ಜಾ ನದಿ ಭೀಮೆಯನ್ನು ಕೂಡುತ್ತದೆ. ಹಿಂಗಾರಿಯ ಬಿಳಿಜೋಳ ತೆನೆಗಟ್ಟುವ ಹೊತ್ತಿಗೆ ಮಧ್ಯ ಏಷ್ಯಾದ ಕಡೆಯಿಂದ ಬಂದ ಗುಲಾಬಿ ಮೈನಾಗಳು ಹಿಂಡುಹಿಂಡಾಗಿ ಎರಗುತ್ತವೆ. ಇಲ್ಲಿನ ರೈತರು ಮೃಗಶಿರಾ, ಆರಿದ್ರಾ ಎಂದು ಮಳೆಯನ್ನು ನಕ್ಷತ್ರದ ಹೆಸರಿನಿಂದ ಗುರುತಿಸಿದವರು. ಎಳ್ಳ ಅಮಾವಾಸ್ಯೆಯಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ಪೂಜೆಯಷ್ಟೇ ಅಲ್ಲ, ಬೆಳೆಯನ್ನು ಕೂಡಿ ನೋಡುವ ದಿನವೂ ಹೌದು. ಪಠ್ಯವಿಲ್ಲದ, ಗುರುವಿಲ್ಲದ ಸಾಮೂಹಿಕ ಅಧ್ಯಯನವೊಂದು ಇಲ್ಲಿ ತಲೆಮಾರುಗಳಿಂದ ನಡೆದು ಬಂದಿದೆ. ಅದಕ್ಕಿದ್ದ ಕೊರತೆ ಒಂದೇ: ಯಾರೂ ಬರೆದಿಡಲಿಲ್ಲ.

ಆ ಕೊರತೆಗೆ ತೆರುವ ಬೆಲೆ ಸಣ್ಣದಲ್ಲ. ತೊಗರಿ ಈ ಸೀಮೆಯ ಜೀವಾಳ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಅದರ ದೊಡ್ಡ ಶತ್ರು ಕಾಯಿಕೊರಕ. ಹುಳು ಮೊಗ್ಗಿನಲ್ಲಿದೆಯೋ ಕಾಯಿಯೊಳಗೆ ಸೇರಿದೆಯೋ, ಅದನ್ನು ಹಿಡಿದು ತಿನ್ನುವ ಕಾಜಾಣ ಹೊಲದಲ್ಲಿದೆಯೋ ಇಲ್ಲವೋ ಎಂಬುದನ್ನು ಕಣ್ಣಾರೆ ಕಂಡು ನಿರ್ಧರಿಸಬೇಕು. ಗಿಡವನ್ನು ಮೆಲ್ಲಗೆ ಅಲುಗಿಸಿ ಹುಳು ಉದುರಿಸುವ ರೂಢಿ ಇಂಥ ನೋಟದಿಂದಲೇ ಹುಟ್ಟಿದ್ದು. ಇಂದು ಆ ನಿರ್ಧಾರ ಬಹುಪಾಲು ಔಷಧದ ಅಂಗಡಿಯಲ್ಲಿ ಆಗುತ್ತದೆ. ಪಕ್ಕದ ಹೊಲದವನು ಸಿಂಪಡಿಸಿದನೆಂದು ನಾವೂ ಸಿಂಪಡಿಸುತ್ತೇವೆ.

ಇದಕ್ಕೊಂದು ಪರಿಹಾರವನ್ನು ಇಂಡೊನೇಷ್ಯಾದ ಭತ್ತದ ಬೆಳೆಗಾರರು ತೋರಿಸಿಕೊಟ್ಟಿದ್ದಾರೆ. ಅಲ್ಲಿ 1989ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ನೆರವಿನಿಂದ ‘ಕ್ಷೇತ್ರ ಪಾಠಶಾಲೆ’ಗಳು ಆರಂಭವಾದವು. ವಾರಕ್ಕೊಮ್ಮೆ ರೈತರು ಗುಂಪುಗಳಾಗಿ ಗದ್ದೆಗಿಳಿಯುತ್ತಿದ್ದರು. ಪೈರು, ಕೀಟ, ಕೀಟವನ್ನು ತಿನ್ನುವ ಜೇಡ, ಅಂದಿನ ಹವೆ ಎಲ್ಲವನ್ನೂ ದೊಡ್ಡ ಹಾಳೆಯ ಮೇಲೆ ಬಿಡಿಸಿ, ತಾವೇ ಚರ್ಚಿಸಿ ನಿರ್ಣಯಕ್ಕೆ ಬರುತ್ತಿದ್ದರು. ಅಲ್ಲಿ ಭಾಷಣಕ್ಕಿಂತ ಪ್ರಶ್ನೆಗೆ ಹೆಚ್ಚು ಬೆಲೆ. ಮುಂದೆ ಈ ಕ್ರಮ ಭಾರತವೂ ಸೇರಿದಂತೆ ಹಲವು ದೇಶಗಳಿಗೆ ಹರಡಿತು.

ಇಂಥ ಅಧ್ಯಯನಕ್ಕೆ ಕಲ್ಪನೆಯೂ ಬೇಕು. ಕಲ್ಪನೆಯೆಂದರೆ ಕಟ್ಟುಕತೆಯಲ್ಲ. ಈ ಹುಳು ನಾಳೆ ಎತ್ತ ಸಾಗೀತು? ಮೇಲೆ ಕುಳಿತ ಕಾಜಾಣದ ಕಣ್ಣಿಗೆ ಈ ಹೊಲ ಹೇಗೆ ಕಂಡೀತು? ಹೀಗೆ ಊಹಿಸಿ ಬರೆದಿಟ್ಟು ಮುಂದಿನ ವಾರ ಹೋಗಿ ನೋಡಿದರೆ, ಊಹೆ ಸುಳ್ಳಾದಾಗಲೂ ಪಾಠ ಸಿಗುತ್ತದೆ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ವಿದ್ಯಾರ್ಥಿಗಳೊಂದಿಗಿನ ಸಸ್ಯಪರ್ಯಟನೆಯಿಂದ ಹುಟ್ಟಿದ ಕೃತಿ. ಕೂಡಿ ನೋಡುವುದರಲ್ಲಿ ಎಷ್ಟು ಶಾಸ್ತ್ರವಿದೆಯೋ ಅಷ್ಟೇ ವಿನೋದವೂ ಇದೆಯೆಂದು ಅದು ಕನ್ನಡಿಗರಿಗೆ ತೋರಿಸಿತು.

ಈ ಮೂರು ತಾಲ್ಲೂಕುಗಳಲ್ಲಿ ಇದನ್ನು ಆರಂಭಿಸಲು ದೊಡ್ಡ ಯೋಜನೆಯೇನೂ ಬೇಡ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಅಲ್ಲಿ ಐದಾರು ಮಂದಿ ಕೂಡಲಿ: ಒಬ್ಬ ವಿದ್ಯಾರ್ಥಿ, ಒಬ್ಬ ಅಜ್ಜ, ಹೊಲಕ್ಕೆ ಹೋಗುವ ಒಬ್ಬ ಹೆಣ್ಣುಮಗಳು. ಊರಿನ ಒಂದು ಬೇವು, ಒಂದು ಬನ್ನಿ, ಒಂದು ತೊಗರಿ ಹೊಲವನ್ನು ಆರಿಸಿಕೊಳ್ಳಲಿ. ವಾರಕ್ಕೊಮ್ಮೆ ನೋಡಿ ಪ್ರತ್ಯೇಕವಾಗಿ ಬರೆದು, ಬಳಿಕ ಒಟ್ಟಿಗೆ ಓದಲಿ. ಬರೆಯಲು ಬಾರದವರು ಹೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಒಬ್ಬರು ಚಿಗುರು ಕಂಡಲ್ಲಿ ಮತ್ತೊಬ್ಬರು ಕಾಣದಿದ್ದರೆ ಜಗಳವಾಡದೆ ಮರದ ಬುಡಕ್ಕೆ ಮರಳಲಿ. ಮರಗಳ ಚಿಗುರು, ಹೂ, ಕಾಯಿಗಳನ್ನು ಹೀಗೆಯೇ ವಾರವಾರ ದಾಖಲಿಸುವ ‘ಸೀಸನ್‌ವಾಚ್’ ಎಂಬ ದೇಶವ್ಯಾಪಿ ಕಾರ್ಯದಲ್ಲಿ ಶಾಲಾಮಕ್ಕಳೂ ಪಾಲ್ಗೊಂಡಿದ್ದಾರೆ.

ವಹಿಯೊಂದು ಮಳೆ ತರಿಸದು, ತೊಗರಿಗೆ ಬೆಲೆಯನ್ನೂ ಕೊಡಿಸದು. ಆದರೆ ಮಳೆಗಾಲದ ಲಯ ತಪ್ಪುತ್ತಿದೆ ಎಂದು ಎಲ್ಲರೂ ಹೇಳುವ ಈ ಕಾಲದಲ್ಲಿ, ಎಷ್ಟು ತಪ್ಪಿದೆ ಎಂದು ಸ್ವಂತ ಊರಿನ ಲೆಕ್ಕದಿಂದ ಹೇಳಬಲ್ಲವರು ಎಷ್ಟು ಜನ? ಹತ್ತು ವರ್ಷ ತುಂಬಿದ ಒಂದು ವಹಿ ಅದನ್ನು ಹೇಳಬಲ್ಲದು. ಅಜ್ಜನ ನೆನಪು ಅಜ್ಜನೊಂದಿಗೇ ಹೋಗುವ ಮುನ್ನ ಅದರ ಮೊದಲ ಪುಟವನ್ನು ಬರೆಯಬೇಕಾಗಿದೆ.