ಪುಟ್ಟರಾಜ ಗವಾಯಿ

ಪಂಡಿತ ಪುಟ್ಟರಾಜ ಗವಾಯಿ (ಮಾರ್ಚ್ 3, 1914 – ಸೆಪ್ಟೆಂಬರ್ 17, 2010) ಹಿಂದೂಸ್ತಾನಿ ಗಾಯಕರು, ವಾದ್ಯಗಾರರು, ಗ್ರಂಥಕರ್ತರು ಹಾಗೂ ಗದಗಿನ ವೀರೇಶ್ವರ ಪುಣ್ಯಾಶ್ರಮದ ಮುಖ್ಯಸ್ಥರಾಗಿದ್ದರು. ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡ ಇವರು ಅಂಧ, ಅನಾಥ ಮತ್ತು ಬಡ ಮಕ್ಕಳಿಗೆ ಸಂಗೀತ ಕಲಿಸುವ ಈ ಸಂಸ್ಥೆಯನ್ನು 1944ರಿಂದ ಸುಮಾರು 66 ವರ್ಷಗಳ ಕಾಲ ನಡೆಸಿದರು. ಭಕ್ತರು ಮತ್ತು ಶಿಷ್ಯರು ಇವರನ್ನು ಗೌರವದಿಂದ ‘ಅಜ್ಜಾರು’ ಎಂದು ಕರೆಯುತ್ತಾರೆ.

ಬಾಲ್ಯ

ಪುಟ್ಟರಾಜರು ಈಗಿನ ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ ಬಡ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ರೇವಯ್ಯ, ತಾಯಿ ಸಿದ್ದಮ್ಮ. ಎಳವೆಯಲ್ಲಿಯೇ ಸೋದರಮಾವ ಚಂದ್ರಶೇಖರಯ್ಯನವರ ಆಶ್ರಯಕ್ಕೆ ಬಂದರು. ಮಾವನ ಹಾರ್ಮೋನಿಯಂ ಮೇಲೆ ಬಾಲಕನು ಸ್ವರಗಳನ್ನು ಹುಡುಕುತ್ತಿದ್ದುದನ್ನು ಗಮನಿಸಿದ ಮಾವನೇ ಅವರನ್ನು ಗಾನಯೋಗಿ ಪಂಚಾಕ್ಷರ ಗವಾಯಿಗಳಿಗೆ (1892–1944) ಒಪ್ಪಿಸಿದರು.

ಗುರುಪರಂಪರೆ

ಪಂಚಾಕ್ಷರ ಗವಾಯಿಗಳೂ ಅಂಧರು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಅವರು ಕರ್ನಾಟಕ ಹಾಗೂ ಹಿಂದೂಸ್ತಾನಿ ಪದ್ಧತಿಗಳೆರಡನ್ನೂ ಬಲ್ಲವರಾಗಿದ್ದರು. ಶಿಷ್ಯರೊಡನೆ ಊರೂರು ಸಂಚರಿಸುತ್ತಿದ್ದ ಅವರ ಪಾಠಶಾಲೆಯು ಮುಂದೆ ಗದಗಿನಲ್ಲಿ ನೆಲೆಗೊಂಡಿತು. ಪುಟ್ಟರಾಜರು ಅವರಿಂದ ಹಿಂದೂಸ್ತಾನಿ ಸಂಗೀತವನ್ನೂ, ಮುಂಡರಗಿ ರಾಘವೇಂದ್ರಾಚಾರ್ಯರಿಂದ ಕರ್ನಾಟಕ ಸಂಗೀತವನ್ನೂ ಕಲಿತರು. ಹಾರ್ಮೋನಿಯಂ, ತಬಲಾ, ಪಿಟೀಲು ಮೊದಲಾದ ಅನೇಕ ವಾದ್ಯಗಳಲ್ಲಿ ಪರಿಣತಿ ಪಡೆದರು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಬಳಿಕ ಆಶ್ರಮದ ಹೊಣೆ ಇವರ ಮೇಲೆ ಬಿತ್ತು.

ಶಿಕ್ಷಣ ಕ್ರಮ

ಆಶ್ರಮದ ಶಿಕ್ಷಣವು ಗುರುಕುಲ ಪದ್ಧತಿಯದು. ವಿದ್ಯಾರ್ಥಿಗಳು ಅಲ್ಲಿಯೇ ವಾಸಿಸುತ್ತಾರೆ. ಅವರಿಗೆ ಊಟ, ವಸತಿ ಮತ್ತು ಪಾಠಗಳು ಉಚಿತ. ಜಾತಿ, ಮತಗಳ ಭೇದವಿಲ್ಲದೆ ಮಕ್ಕಳನ್ನು ಸೇರಿಸಿಕೊಳ್ಳಲಾಗುತ್ತದೆ.

ಭಾರತೀಯ ಸಂಗೀತವು ಮೂಲತಃ ಗುರುಮುಖದಿಂದ ಕಲಿಯುವ ವಿದ್ಯೆ. ಗುರು ಹಾಡಿದ ಸ್ವರಾಲಂಕಾರವನ್ನು ಶಿಷ್ಯನು ಕೇಳಿ ಹಾಡುತ್ತಾನೆ. ತಬಲಾದ ಬೋಲುಗಳನ್ನು ಮೊದಲು ಬಾಯಿಯಲ್ಲಿ ಹೇಳಿ, ಅನಂತರ ಕೈಯಲ್ಲಿ ನುಡಿಸುತ್ತಾನೆ. ಪಾಠವು ಕಿವಿ ಮತ್ತು ನೆನಪನ್ನು ಅವಲಂಬಿಸಿರುವುದರಿಂದ ಅಂಧ ವಿದ್ಯಾರ್ಥಿಯು ದೃಷ್ಟಿಯುಳ್ಳವನೊಡನೆ ಒಂದೇ ತರಗತಿಯಲ್ಲಿ ಸಮಾನವಾಗಿ ಕಲಿಯಬಲ್ಲನು. ಇಲ್ಲಿ ಕಲಿಸುವ ಗುರುವೂ ಅಂಧರಾಗಿದ್ದುದು ಮಕ್ಕಳಿಗೆ ಕಣ್ಣಮುಂದಿನ ಆದರ್ಶವಾಗಿತ್ತು. ಓದು ಬರಹಕ್ಕೆ ಪುಟ್ಟರಾಜರು ಬ್ರೈಲ್ ಲಿಪಿಯನ್ನು ಬಳಸಿದರು. ಕನ್ನಡ, ಹಿಂದಿ ಮತ್ತು ಸಂಸ್ಕೃತಗಳಲ್ಲಿ ಕೃತಿಗಳನ್ನು ರಚಿಸಿದರು.

ಈ ಶಿಕ್ಷಣದ ಗುರಿ ವಿದ್ವತ್ತಿಗಷ್ಟೇ ಸೀಮಿತವಾಗಿರಲಿಲ್ಲ. ಭಿಕ್ಷಾಟನೆ ಅಥವಾ ಪರಾಶ್ರಯವೇ ಗತಿ ಎನ್ನುವಂತಿದ್ದ ಕಾಲದಲ್ಲಿ ಅಂಧರಿಗೆ ಸಂಗೀತವು ಜೀವನೋಪಾಯವನ್ನು ಒದಗಿಸಿತು. ಇಲ್ಲಿ ಕಲಿತವರು ಶಾಲೆಗಳಲ್ಲಿ ಸಂಗೀತ ಶಿಕ್ಷಕರಾಗಿ, ಮಠ ಹಾಗೂ ಜಾತ್ರೆಗಳ ಪುರಾಣ ಪ್ರವಚನಗಳಲ್ಲಿ ಗವಾಯಿಗಳಾಗಿ, ತಬಲಾ ವಾದಕರಾಗಿ ದುಡಿಯುತ್ತಿದ್ದಾರೆ.

ಆರ್ಥಿಕ ನಿರ್ವಹಣೆ

ಶುಲ್ಕ ಪಡೆಯದ ಸಂಸ್ಥೆಯಲ್ಲಿ ಮಕ್ಕಳ ನಿತ್ಯದ ಅನ್ನಕ್ಕೆ ಹಣ ಹೊಂದಿಸುವುದೇ ದೊಡ್ಡ ಸವಾಲಾಗಿತ್ತು. ಇದಕ್ಕಾಗಿ ಪುಟ್ಟರಾಜರು ನಾಟಕ ಕಂಪನಿಯನ್ನು ನಡೆಸಿ, ನಾಟಕಗಳನ್ನು ರಚಿಸಿದರು. ಭಕ್ತರು ಊರೂರುಗಳಲ್ಲಿ ಇವರಿಗೆ ನಾಣ್ಯಗಳ ತುಲಾಭಾರ ನಡೆಸುತ್ತಿದ್ದರು. ಆ ಹಣವು ಆಶ್ರಮದ ದಾಸೋಹಕ್ಕೆ ಸಲ್ಲುತ್ತಿತ್ತು.

ಶಿಷ್ಯರು

ಪಂಚಾಕ್ಷರ ಗವಾಯಿಗಳ ಕಾಲದಲ್ಲಿ ಆಶ್ರಮದಲ್ಲಿ ಕಲಿತವರಲ್ಲಿ ಬಸವರಾಜ ರಾಜಗುರು ಪ್ರಮುಖರು. ಪುಟ್ಟರಾಜರ ಶಿಷ್ಯರಲ್ಲಿ ಎಂ. ವೆಂಕಟೇಶಕುಮಾರ್ ಪ್ರಸಿದ್ಧರು. ಬಾಲಕನಾಗಿ ಆಶ್ರಮ ಸೇರಿದ ಅವರು ಸುಮಾರು 12 ವರ್ಷ ಅಲ್ಲಿದ್ದು ಕಲಿತರು. 2016ರಲ್ಲಿ ಪದ್ಮಶ್ರೀ ಪುರಸ್ಕೃತರಾದರು.

ಗೌರವ ಮತ್ತು ನಿಧನ

ಭಾರತ ಸರ್ಕಾರವು 2010ರಲ್ಲಿ ಪುಟ್ಟರಾಜರಿಗೆ ಪದ್ಮಭೂಷಣ ಪ್ರಶಸ್ತಿ ನೀಡಿತು. ಅದೇ ವರ್ಷ ಸೆಪ್ಟೆಂಬರ್ 17ರಂದು, 96ನೆಯ ವಯಸ್ಸಿನಲ್ಲಿ, ಅವರು ಗದಗಿನಲ್ಲಿ ಲಿಂಗೈಕ್ಯರಾದರು. ಬಳಿಕ ಕಲ್ಲಯ್ಯಜ್ಜನವರು ಆಶ್ರಮದ ಹೊಣೆ ವಹಿಸಿಕೊಂಡರು.